ಬ್ಯಾಟರಿ ಪುಡಿಯ ಪ್ರಕರಣ

ಆ ಸೋಮವಾರ ಬೆಳಿಗ್ಗೆ ಷರಾ ಸಾಹೇಬರ ಕಾರು ಸ್ಟಾರ್ಟ್ ಆಗಲಿಲ್ಲ. ಲೋಕದಲ್ಲಿ ದಿನಕ್ಕೆ ಎಷ್ಟೋ ಕಾರುಗಳು ಸ್ಟಾರ್ಟ್ ಆಗುವುದಿಲ್ಲ. ಅವುಗಳ ಮಾಲೀಕರು ನಾಲ್ಕು ಮಾತು ಬೈದುಕೊಂಡು, ಮೆಕ್ಯಾನಿಕ್ಕಿಗೆ ಫೋನ್ ಮಾಡಿ, ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಾರೆ. ಷರಾ ಸಾಹೇಬರೂ ಹಾಗೆ ಹೋಗಿದ್ದರೆ ಆ ರಸ್ತೆಗೆ ಬೆಂಕಿ ಆರಿಸುವ ಕೆಂಪು ಗಾಡಿ ಬರುವ ಭಾಗ್ಯ ಇರುತ್ತಿರಲಿಲ್ಲ.

ಸಾಹೇಬರು ಎಂದಮಾತ್ರಕ್ಕೆ ದೊಡ್ಡ ಅಧಿಕಾರಿ ಎಂದು ಯಾರೂ ಎದ್ದು ನಿಲ್ಲಬೇಕಾಗಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಹೆಡ್‌ಕ್ಲಾರ್ಕ್, ಅಷ್ಟೇ. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ತಮ್ಮ ಮೇಜಿಗೆ ಬಂದ ಯಾವ ಕಾಗದವನ್ನೂ ಅವರು ಷರಾ ಬರೆಯದೆ ಮುಂದಕ್ಕೆ ಕಳಿಸಿದವರಲ್ಲ. ನಲ್ಲಿ ಕೆಟ್ಟಿದೆ, ರಿಪೇರಿ ಮಾಡಿಸಿ ಎಂದು ಯಾರಾದರೂ ಅರ್ಜಿ ಕೊಟ್ಟರೆ 'ನಲ್ಲಿ ಇರುವುದನ್ನು ಮೊದಲು ಖಚಿತಪಡಿಸಿಕೊಳ್ಳುವುದು' ಎಂದು ಷರಾ ಬೀಳುತ್ತಿತ್ತು. ನಲ್ಲಿ ಇದೆ ಎಂದು ಉತ್ತರ ಬಂದರೆ 'ಇದ್ದ ಮೇಲೆ ರಿಪೇರಿಯ ಅಗತ್ಯವೇನು, ವಿವರಿಸುವುದು' ಎಂದು ಇನ್ನೊಂದು. ಅಷ್ಟರಲ್ಲಿ ಅರ್ಜಿ ಕೊಟ್ಟವನು ಬಾವಿ ತೋಡಿಸಿಕೊಂಡಿರುತ್ತಿದ್ದ. ಕಚೇರಿಯವರು ಬೇಸತ್ತು ಇಟ್ಟ ಅಡ್ಡಹೆಸರನ್ನು ಅವರು ಬಿರುದು ಎಂದೇ ತಿಳಿದಿದ್ದರು.

ಕಾರು ಮೂರು ತಿಂಗಳ ಹಿಂದೆ ಕೊಂಡದ್ದು. ಅದಾಗಲೇ ಇಬ್ಬರು ಯಜಮಾನರನ್ನು ಕಂಡಿತ್ತು. ದಿನವೂ ಬೆಳಿಗ್ಗೆ ಸಾಹೇಬರು ಅದರ ಮೈಯನ್ನು ಮೆತ್ತನೆ ಬಟ್ಟೆಯಿಂದ ಒರೆಸುತ್ತಿದ್ದರು, ರಸ್ತೆಯಲ್ಲಿ ಯಾರಾದರೂ ನೋಡುತ್ತಿದ್ದರೆ ಎರಡು ಸಲ ಒರೆಸುತ್ತಿದ್ದರು. ಆದರೆ ಬಾನೆಟ್ ಎತ್ತಿ ಒಳಗೆ ಏನಿದೆ ಎಂದು ನೋಡಿದವರಲ್ಲ. ಒಳಗಿನದು ತಮ್ಮ ಸೆಕ್ಷನ್ನಿಗೆ ಬರುವುದಿಲ್ಲ ಎಂಬುದು ಅವರ ನಿಲುವು.

ಆ ದಿನ ಕೀಲಿ ತಿರುಗಿಸಿದರೆ 'ಕಟಕ್' ಎಂದಿತು. ಮತ್ತೆ ತಿರುಗಿಸಿದರೆ ಅದೂ ಇಲ್ಲ. ಸಾಹೇಬರು ಕೆಳಗಿಳಿದು ಬಾನೆಟ್ ತೆಗೆಯಲು ಒಂದು ಹಿಡಿಕೆ ಎಳೆದರು. ಪೆಟ್ರೋಲ್ ಮುಚ್ಚಳ ತೆರೆದುಕೊಂಡಿತು. ಇನ್ನೊಂದು ಎಳೆದರು. ಹಿಂದೆ ಡಿಕ್ಕಿ ಬಾಯಿ ಬಿಟ್ಟಿತು. ಮೂರನೆಯದಕ್ಕೆ ಬಾನೆಟ್ ಒಂದು ಬೆರಳಷ್ಟು ಮೇಲೆದ್ದು ನಿಂತುಬಿಟ್ಟಿತು. ಕಾಲು ಗಂಟೆ ಅದರ ಜೊತೆ ಅವರು ಗುದ್ದಾಡುವುದನ್ನು ಮೆಟ್ಟಿಲ ಮೇಲೆ ನಿಂತು ನೋಡಿದ ಹೆಂಡತಿ, ಇಳಿದು ಬಂದು, ಸಂದಿಯೊಳಗೆ ಎರಡು ಬೆರಳು ತೂರಿಸಿ ಕೊಕ್ಕೆ ತಪ್ಪಿಸಿದರು. ಬಾನೆಟ್ ಎದ್ದಿತು.

ಒಳಗೆ ಮೂಲೆಯಲ್ಲಿ ಕಪ್ಪು ಡಬ್ಬಿಯಂತಹ ಬ್ಯಾಟರಿ ಕೂತಿತ್ತು. ಅದರ ಒಂದು ಟರ್ಮಿನಲ್ ಮೇಲೆ, ತಂತಿ ಬಂದು ಕಚ್ಚಿಕೊಳ್ಳುವ ಜಾಗದಲ್ಲಿ, ಬಿಳಿ ನೀಲಿ ಹಸಿರು ಬೆರೆತ ಪುಡಿಯೊಂದು ಹೂಕೋಸಿನ ಹಾಗೆ ಅರಳಿಕೊಂಡಿತ್ತು.

"ಇದೇನ್ರೀ, ಬೂಷ್ಟು ಹಿಡಿದಂಗಿದೆ. ಒರೆಸಿಬಿಡ್ಲಾ?" ಎಂದರು ಹೆಂಡತಿ.

"ಮುಟ್ಟಬೇಡ!" ಸಾಹೇಬರು ಎರಡೂ ಕೈ ಅಡ್ಡ ಚಾಚಿದರು. "ಇದು ಸಾಕ್ಷ್ಯ!"

"ಯಾವುದಕ್ಕೆ?"

ಸಾಹೇಬರು ತಲೆ ಎತ್ತಿ ಪಕ್ಕದ ಮನೆಯ ಕಡೆ ನೋಡಿದರು.

ಪಕ್ಕದ ಮನೆಯಲ್ಲಿದ್ದವರು ಕೆಮಿಸ್ಟ್ರಿ ಮೇಷ್ಟ್ರು. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದ, ಒಂಟಿ ಜೀವದ, ಮೆತ್ತನೆ ಮಾತಿನ ಮನುಷ್ಯ. ದಿನವೂ ಸಂಜೆ ಇಬ್ಬರೂ ಮೇಷ್ಟ್ರ ಜಗಲಿಯಲ್ಲಿ ಕೂತು ಚದುರಂಗ ಆಡುತ್ತಿದ್ದರು. ಆಡುತ್ತಿದ್ದವರು ಮೇಷ್ಟ್ರು, ಸೋಲುತ್ತಿದ್ದವರು ಸಾಹೇಬರು. ಹಿಂದಿನ ದಿನ ಸಂಜೆ ಆಟದ ನಡುವೆ ಮೇಷ್ಟ್ರು ಒಂದು ಮಾತು ಹೇಳಿದ್ದರು. ಅವರು ಪೂರ್ತಿಯಾಗಿ ಹೇಳಿದ್ದು ಹೀಗೆ: "ಒಂದು ವಾರದಿಂದ ನಿಮ್ಮ ಗಾಡಿ ಬೆಳಿಗ್ಗೆ ಕೆಮ್ಮುತ್ತೆ ಸಾಹೇಬ್ರೇ. ಬ್ಯಾಟರಿ ಟರ್ಮಿನಲ್ ಮೇಲೆ ಪುಡಿ ಕಟ್ಟಿರುತ್ತೆ. ನೀವು ತಲೆ ಕೆಡಿಸ್ಕೋಬೇಡಿ, ನಾಳೆ ನಾನೇ ಬಂದು ತೊಳೆದು, ಸ್ವಲ್ಪ ಗ್ರೀಸು ಹಚ್ಚಿಬಿಡ್ತೀನಿ."

ಆದರೆ ಆ ಗಳಿಗೆಯಲ್ಲಿ ಸಾಹೇಬರ ಕುದುರೆ ಹೋಗಿತ್ತು. ಕುದುರೆ ಹೋದ ದುಃಖದಲ್ಲಿ ಅವರ ಕಿವಿಗೆ ಬಿದ್ದದ್ದು ಬ್ಯಾಟರಿ, ಪುಡಿ, ನಾನೇ ಬಂದು, ಹಚ್ಚಿಬಿಡ್ತೀನಿ, ಇಷ್ಟೇ. ಅರ್ಜಿಗಳನ್ನೂ ಅವರು ಓದುತ್ತಿದ್ದದ್ದು ಹೀಗೆಯೇ.

"ಬಾಯಿ ಬಿಟ್ಟು ಹೇಳಿದಾನೆ ಕಣೇ!" ಎಂದರು ಹೆಂಡತಿಗೆ. "ನಾನೇ ಬಂದು ಹಚ್ಚಿಬಿಡ್ತೀನಿ ಅಂದ. ನೋಡು, ಹಚ್ಚಿದಾನೆ!"

"ಮೇಷ್ಟ್ರಾ? ಅವರು ಯಾಕ್ರೀ ಹಚ್ತಾರೆ?"

"ಕೆಮಿಸ್ಟ್ರಿ! ಮೂವತ್ತು ವರ್ಷ ಕೆಮಿಸ್ಟ್ರಿ ಕಲಿಸಿದ ಮನುಷ್ಯ ಮನೇಲಿ ಸುಮ್ನೆ ಕೂತಿರ್ತಾನಾ?"

"ಮೆಕ್ಯಾನಿಕ್ಕನ್ನ ಕರೀರಿ."

"ಮೆಕ್ಯಾನಿಕ್ ಬಂದು ಒರೆಸಿಬಿಟ್ರೆ ಕೇಸು ಬಿದ್ದುಹೋಗುತ್ತೆ."

ಸಾಹೇಬರು ಕಚೇರಿಗೆ ರಜೆ ಹೇಳಿದರು, ತಮ್ಮ ಅಕ್ಕನಿಗೆ ಫೋನ್ ಮಾಡಿದರು. ಅಕ್ಕನಿಗೆ ವಿಷಯ ಕೇಳಿ ಒಂದು ಚೂರೂ ಆಶ್ಚರ್ಯವಾಗಲಿಲ್ಲ. ಆಕೆಗೆ ಯಾವತ್ತೂ ಯಾವುದರಿಂದಲೂ ಆಶ್ಚರ್ಯವಾದದ್ದಿಲ್ಲ.

"ನನಗೆ ಮೊದಲೇ ಗೊತ್ತಿತ್ತು ಕಣೋ. ಆ ಮನುಷ್ಯನ ಕಣ್ಣೇ ಸರಿಯಿಲ್ಲ."

"ನೀನು ಅವನನ್ನ ನೋಡಿದೀಯೇನಕ್ಕ?"

"ನೋಡ್ಬೇಕಾ ಅದಕ್ಕೆ? ನೀನು ಪೊಲೀಸರ ಹತ್ರ ಹೋಗು, ನಾನು ಆಟೋ ಹಿಡಿದು ಬರ್ತೀನಿ."

ದೂರು ಹನ್ನೊಂದು ಪುಟವಾಯಿತು. ಅನುಬಂಧ ಬೇರೆ. ಸಕ್ಕರೆ ಡಬ್ಬಿಯ ಚಮಚದಿಂದ ಸ್ವಲ್ಪ ಪುಡಿ ಕೆರೆದು, ಕಾಗದದಲ್ಲಿ ಪೊಟ್ಟಣ ಕಟ್ಟಿ, ಮೇಲೆ ಅರಗಿನ ಮುದ್ರೆ ಒತ್ತಿ, ಸಾಹೇಬರು ಹತ್ತು ಗಂಟೆಗೆ ಠಾಣೆಯಲ್ಲಿದ್ದರು. ಚಮಚವನ್ನು ಹೆಂಡತಿ ಕಸದ ಬುಟ್ಟಿಗೆ ಎಸೆದರು.

ಇನ್ಸ್‌ಪೆಕ್ಟರು ಟೀ ಕುಡಿಯುತ್ತ ಮೊದಲನೇ ಪುಟ ಓದಿದರು. 'ಸದರಿ ವಾಹನದ ಸದರಿ ಬ್ಯಾಟರಿಯ ಸದರಿ ಟರ್ಮಿನಲ್ಲಿಗೆ ಸದರಿ ವ್ಯಕ್ತಿಯು' ಎಂಬಲ್ಲಿಗೆ ಬಂದು ನಿಂತರು.

"ಈ ಪುಡಿಯಿಂದ ಏನಾಯ್ತು?"

"ಕಾರು ಸ್ಟಾರ್ಟ್ ಆಗ್ತಿಲ್ಲ."

"ಮೆಕ್ಯಾನಿಕ್ಕಿಗೆ ತೋರಿಸಿ ಸ್ವಾಮಿ. ಇಲ್ಲಿ ಕೊಲೆ, ಕಳ್ಳತನ ನೋಡೋಕೇ ಜನ ಇಲ್ಲ."

ಪ್ರಕರಣ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಬಾಗಿಲ ಬಳಿ ನಿಂತಿದ್ದ ಪೇದೆಗೆ ಕುತೂಹಲ. ಮೇಜಿನ ಮೇಲಿದ್ದ ಪೊಟ್ಟಣ ಬಿಚ್ಚಿ, ಪುಡಿಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ. ಸೆಕೆಗೆ ಹಣೆಯಿಂದ ಬೆವರಿಳಿಯುತ್ತಿತ್ತು. ಅದೇ ಬೆರಳಲ್ಲಿ ಕಣ್ಣು ಒರೆಸಿಕೊಂಡ.

"ಅಯ್ಯೋ! ಉರೀ! ಸಾರ್, ಕಣ್ಣು ಹೋಯ್ತು ಸಾರ್!"

ಪೇದೆ ಹಿತ್ತಲ ನಲ್ಲಿಯ ಕಡೆ ಓಡುವ ದಾರಿಯಲ್ಲಿ ಎರಡು ಕುರ್ಚಿ ಕೆಡವಿದ. ಇನ್ಸ್‌ಪೆಕ್ಟರು ಟೀ ಲೋಟ ಕೆಳಗಿಟ್ಟು, ಪೊಟ್ಟಣದಿಂದ ಎರಡು ಮಾರು ದೂರ ಸರಿದು ನಿಂತರು. ಸಾಹೇಬರ ಮುಖದಲ್ಲಿ ಬಡ್ತಿ ಸಿಕ್ಕಷ್ಟು ಸಂತೋಷ.

"ಪುಟ ಏಳು ನೋಡ್ಬೇಕು ಸಾರ್. ಸದರಿ ಪುಡಿ ಪ್ರಾಣಾಪಾಯಕಾರಿ ಇರಬಹುದು ಅಂತ ಮೊದ್ಲೇ ನಮೂದಿಸಿದೀನಿ."

ಮುಕ್ಕಾಲು ಗಂಟೆಯೊಳಗೆ ರಸ್ತೆಗೆ ಪೊಲೀಸ್ ಜೀಪು ಬಂತು, ಅದರ ಹಿಂದೆ ಗಂಟೆ ಬಾರಿಸುತ್ತ ಕೆಂಪು ಗಾಡಿ ಬಂತು. ಕಾರಿನ ಸುತ್ತ ಹಳದಿ ಪಟ್ಟಿ ಎಳೆದರು. ಅಕ್ಕಪಕ್ಕದ ಮನೆಯವರೆಲ್ಲ ಹೊರಗೆ ಬರಬೇಕು ಎಂದು ಮೈಕಿನಲ್ಲಿ ಕೂಗಿದರು. ಸಾಹೇಬರ ಮನೆಯ ಮಹಡಿಯಲ್ಲಿದ್ದ ಟೈಲರಮ್ಮ ಕತ್ತಿಗೆ ಅಳತೆ ಟೇಪು ಹಾಕಿಕೊಂಡೇ ಇಳಿದು ಬಂದು, ಹೊಲಿಗೆ ಮಿಷನ್ನನ್ನೂ ಇಳಿಸಿಕೊಡಿ ಎಂದು ಬೆಂಕಿ ಆರಿಸುವವರ ಜೊತೆ ಜಗಳಕ್ಕೆ ನಿಂತರು.

ಸುದ್ದಿ ರಸ್ತೆಯ ಈ ತುದಿಯಲ್ಲಿ 'ಕಾರಿಗೆ ಪುಡಿ ಹಾಕಿದಾರಂತೆ' ಎಂದು ಹೊರಟಿತು. ಟೈಲರಮ್ಮನ ಹತ್ತಿರ ಅದು 'ವಿಷದ ಪುಡಿ' ಆಯಿತು. ಕಾರಿನ ಮಾಲೀಕರು ಯಾರು? ನೀರು ಸರಬರಾಜಿನವರು. ಅಂದ ಮೇಲೆ ವಿಷ ಎಲ್ಲಿಗೆ ಬಿದ್ದಿರಬೇಕು? ರಸ್ತೆಯ ಆ ತುದಿ ಮುಟ್ಟುವ ಹೊತ್ತಿಗೆ ಸುದ್ದಿ 'ನೀರಿನ ಟ್ಯಾಂಕಿಗೆ ವಿಷ ಹಾಕಿದಾರಂತೆ' ಎಂದಾಗಿತ್ತು. ಜನ ಕೊಡ, ಬಕೆಟ್ಟು, ಡ್ರಮ್ಮು ಎಲ್ಲವನ್ನೂ ಚರಂಡಿಗೆ ಸುರಿದರು.

ಯಾರೋ ಓಡೋಡಿ ಬಂದು ಈ ಸುದ್ದಿಯನ್ನು ಸಾಹೇಬರಿಗೇ ಹೇಳಿದರು. ಸಾಹೇಬರು ಬೆಚ್ಚಿಬಿದ್ದರು. "ನೋಡಿದ್ಯಾ, ಟ್ಯಾಂಕಿಗೂ ಹಾಕಿದಾನೆ!" ಎಂದು ಹೆಂಡತಿಯ ಕಡೆ ತಿರುಗಿದರು. "ಹೋಗು, ಡ್ರಮ್ಮಿನ ನೀರೆಲ್ಲ ಚೆಲ್ಲು!" ತಾವೇ ಹುಟ್ಟಿಸಿದ ಸುದ್ದಿ ಊರು ಸುತ್ತಿ ವಾಪಸು ಬಂದಾಗ ಅದಕ್ಕೆ ಹೆದರಿದ ಮೊದಲ ಮನುಷ್ಯ ಅವರೇ ಇರಬೇಕು.

ಆಗಲೇ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಕಚೇರಿಯ ಎಂಜಿನಿಯರು.

"ರೀ, ನೀರಿಗೆ ವಿಷ ಬಿದ್ದಿದೆಯಂತೆ! ಅರ್ಧ ಗಂಟೆಯಿಂದ ನೂರು ಜನ ಫೋನ್ ಮಾಡಿದಾರೆ. ಇಂಥ ದಿನ ರಜೆ ಹಾಕಿ ಎಲ್ಲಿ ಹಾಳಾಗಿಹೋಗಿದೀರಿ?"

"ನಾನು ಸ್ಥಳದಲ್ಲೇ ಇದೀನಿ ಸಾರ್. ದೂರು ಕೊಟ್ಟವನೇ ನಾನು."

ದೂರು ಕೊಟ್ಟವರು ತಮ್ಮ ಕಚೇರಿಯವರೇ ಎಂದ ಮೇಲೆ ಸುದ್ದಿ ನಿಜವೇ ಇರಬೇಕು. ಎಂಜಿನಿಯರು ಕೂಡಲೇ ಟ್ಯಾಂಕಿನ ನೀರನ್ನೆಲ್ಲ ಹೊರಕ್ಕೆ ಬಿಡಲು ಹೇಳಿಬಿಟ್ಟರು.

ಮೇಷ್ಟ್ರು ಬೆಳಿಗ್ಗೆಯೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಹಿಂಬದಿಯ ಗೇಟಿನಿಂದ ಮನೆಗೆ ಬಂದು, ಬಟ್ಟೆ ಬದಲಿಸಿ, ಕೊಟ್ಟ ಮಾತು ನೆನಪಾಗಿ ಮುಂಬಾಗಿಲಿನಿಂದ ಹೊರಬಂದರು. ಕೈಗೆ ರಬ್ಬರ್ ಗ್ಲೌಸು, ಕಣ್ಣಿಗೆ ದೊಡ್ಡ ಕನ್ನಡಕ. ಒಂದು ಕೈಯಲ್ಲಿ ಹಬೆಯಾಡುವ ಕೆಟಲು, ಇನ್ನೊಂದರಲ್ಲಿ ಪೊಟ್ಟಣ, ಹಳೆಯ ಹಲ್ಲುಜ್ಜುವ ಬ್ರಷ್ಷು, ಗ್ರೀಸಿನ ಡಬ್ಬಿ, ಒಂದು ಸ್ಪ್ಯಾನರು. ಇಡೀ ರಸ್ತೆ ತಮ್ಮ ಕಡೆ ತಿರುಗಿದ್ದು ಕಂಡು ಅವರು ಮೆಟ್ಟಿಲಲ್ಲೇ ನಿಂತರು.

"ಅಲ್ಲೇ ನಿಲ್ಲಿ!" ಎಂದರು ಇನ್ಸ್‌ಪೆಕ್ಟರು. "ಕೈಯಲ್ಲೇನು?"

"ಬಿಸಿನೀರು."

"ಪೊಟ್ಟಣದಲ್ಲಿ?"

"ಬಿಳಿ ಪುಡಿ. ಅಂದ್ರೆ, ಅಡುಗೆ ಸೋಡಾ."

"ಎಲ್ಲಿಗೆ ಹೊರಟ್ರಿ?"

"ಸಾಹೇಬ್ರ ಕಾರಿಗೆ ಹಚ್ಚೋಕೆ."

"ಒಪ್ಪಿಕೊಂಡ!" ಎಂದು ಷರಾ ಸಾಹೇಬರು ಹಳದಿ ಪಟ್ಟಿಯ ಹಿಂದಿನಿಂದ ಕೂಗಿದರು. "ಒಪ್ಪಿಕೊಂಡ! ಬರ್ಕೊಳ್ಳಿ!"

"ಇದರಲ್ಲಿ ಒಪ್ಪಿಕೊಳ್ಳೋದೇನಿದೆ?" ಮೇಷ್ಟ್ರಿಗೆ ಅರ್ಥವಾಗಲಿಲ್ಲ. "ನಿನ್ನೇನೇ ಹೇಳಿದ್ನಲ್ಲ ಸಾಹೇಬ್ರೇ."

ಮೇಷ್ಟ್ರನ್ನು ಜೀಪಿನಲ್ಲಿ ಕೂರಿಸಿದರು. ಕೆಟಲು, ಬ್ರಷ್ಷು, ಸೋಡಾ, ಗ್ರೀಸು, ಸ್ಪ್ಯಾನರು ಎಲ್ಲವನ್ನೂ ಪಟ್ಟಿ ಮಾಡಿ ವಶಕ್ಕೆ ತೆಗೆದುಕೊಂಡರು. ಟೈಲರಮ್ಮನ ಮಗಳಿಗೆ ಎರಡು ವರ್ಷ ಪುಕ್ಕಟೆ ಪಾಠ ಹೇಳಿ ಪಾಸು ಮಾಡಿಸಿದ್ದು ಇದೇ ಮೇಷ್ಟ್ರು. ಟೈಲರಮ್ಮ ಕೆನ್ನೆಗೆ ಕೈ ಇಟ್ಟುಕೊಂಡು, "ಮುಖ ನೋಡಿದ್ರೆ ಗೊತ್ತಾಗಲ್ಲ ಬಿಡಿ. ನನಗೆ ಆಗಲೇ ಒಂಥರಾ ಅನಿಸ್ತಿತ್ತು. ಪುಕ್ಕಟೆ ಪಾಠ ಯಾರ್ರೀ ಹೇಳ್ತಾರೆ?" ಎಂದರು. ಸುತ್ತ ನಿಂತವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಅವರಲ್ಲಿ ಅರ್ಧ ಜನ ತಮ್ಮ ಮಕ್ಕಳನ್ನು ಅದೇ ಪಾಠಕ್ಕೆ ಕಳಿಸಿದವರು.

ಆ ಹೊತ್ತಿಗೆ ಆಟೋದಿಂದ ಅಕ್ಕ ಇಳಿದರು. ಜನರನ್ನು ಸೀಳಿಕೊಂಡು ಮುಂದೆ ಬಂದು, ಮುಖಕ್ಕೆ ಮುಸುಕು ಹಾಕಿಕೊಂಡು ಕಾರಿನ ಕಡೆ ಹೋಗುತ್ತಿದ್ದ ಅಗ್ನಿಶಾಮಕ ಅಧಿಕಾರಿಯ ಕಡೆ ಬೆರಳು ತೋರಿಸಿದರು.

"ಇವನೇ! ಕಣ್ಣು ನೋಡಿದ್ರೇನೇ ಗೊತ್ತಾಗುತ್ತೆ, ಇವನೇ ಪಾಪಿ!"

"ಅಕ್ಕಾ, ಅವರಲ್ಲ ಕಣೇ, ಜೀಪಲ್ಲಿ ಕೂತಿರೋನು."

ಅಕ್ಕ ಜೀಪಿನ ಕಡೆ ನೋಡಿದರು. "ಅವನೂ ಇರಬಹುದು," ಎಂದರು.

ಅಗ್ನಿಶಾಮಕ ಅಧಿಕಾರಿ ಮೊಣಕೈವರೆಗಿನ ಗ್ಲೌಸು ಹಾಕಿಕೊಂಡು ಬಾನೆಟ್ಟಿನೊಳಗೆ ಬಗ್ಗಿದರು. ರಸ್ತೆಯೆಲ್ಲ ಉಸಿರು ಹಿಡಿದುಕೊಂಡಿತು. ಬಗ್ಗಿದವರು ಎರಡು ನಿಮಿಷ ಬಗ್ಗಿಯೇ ಇದ್ದರು. ಆಮೇಲೆ ಎದ್ದು, ಮುಸುಕು ಕಿತ್ತು, ಗ್ಲೌಸು ಕಳಚಿದರು.

"ಈ ಕಾರು ಯಾರದು?"

"ನಂದೇ ಸಾರ್." ಸಾಹೇಬರು ಮುಂದೆ ಬಂದರು. "ಹೇಳಿ, ಯಾವ ವಿಷ?"

"ನಿಮ್ಮ ಬ್ಯಾಟರಿಯದೇ. ಒಳಗೆ ಆಮ್ಲ ಇರುತ್ತಲ್ಲ, ಅದರ ಹಬೆ ಸ್ವಲ್ಪ ಸ್ವಲ್ಪ ಹೊರಗೆ ಬಂದು ಟರ್ಮಿನಲ್ಲಿಗೆ ತಗುಲಿ ಹೀಗೆ ಪುಡಿ ಕಟ್ಟುತ್ತೆ. ಪುಡಿ ಕಟ್ಟಿದ್ರೆ ಕರೆಂಟು ಹರಿಯಲ್ಲ, ಗಾಡಿ ಸ್ಟಾರ್ಟ್ ಆಗಲ್ಲ. ನಮ್ಮ ಗಾಡಿಗೂ ಬರುತ್ತೆ ಕಣ್ರೀ. ಆಗಾಗ ತೆಗೆದು ನೋಡ್ತೀವಿ, ತೊಳೀತೀವಿ. ನೀವು ಕೊನೇ ಸಲ ಯಾವಾಗ ತೆಗೆದು ನೋಡಿದ್ರಿ?"

ಸಾಹೇಬರು ಆಕಾಶ ನೋಡಿದರು.

"ಇವತ್ತೇ ಮೊದಲು," ಎಂದರು ಹೆಂಡತಿ.

ಇನ್ಸ್‌ಪೆಕ್ಟರು ವಶಪಡಿಸಿಕೊಂಡ ಸೋಡಾ ಪೊಟ್ಟಣ ಎತ್ತಿ ಹಿಡಿದರು. "ಹಾಗಾದ್ರೆ ಇದು?"

"ಅದೇ ಔಷಧಿ. ಬಿಸಿನೀರಲ್ಲಿ ಕಲಸಿ ಉಜ್ಜಿದ್ರೆ ಕಿತ್ತುಬರುತ್ತೆ. ಆ ಯಜಮಾನರು ಎಲ್ಲಾ ಸರಿಯಾಗೇ ತಂದಿದಾರೆ."

ಮೇಷ್ಟ್ರು ಜೀಪಿನಿಂದ ಇಳಿದರು. ಯಾರ ಮುಖವನ್ನೂ ನೋಡಲಿಲ್ಲ. ಇನ್ಸ್‌ಪೆಕ್ಟರು ಏನೋ ಹೇಳಲು ಬಾಯಿ ತೆರೆದರೆ ಕೈ ಎತ್ತಿ ತಡೆದರು. "ಮಾಡ್ತೀನಿ ಅಂದಿದ್ದೆ. ಮಾಡಿ ಹೋಗ್ತೀನಿ," ಎಂದು ತಮ್ಮ ಸಾಮಾನು ವಾಪಸು ತೆಗೆದುಕೊಂಡು ಕಾರಿನ ಮುಂದೆ ನಿಂತರು. ವಶದ ಸಾಮಾನಿನ ಪಟ್ಟಿ ತನ್ನ ಕೆಲಸವಾದ್ದರಿಂದ ಪೇದೆ ಒಂದೇ ಕಣ್ಣಲ್ಲಿ ನೋಡಿ ಪ್ರತಿಯೊಂದಕ್ಕೂ ಗುರುತು ಹಾಕಿಕೊಟ್ಟ. ಇನ್ನೊಂದು ಕಣ್ಣು ಊದಿಕೊಂಡು ಮುಚ್ಚಿಹೋಗಿತ್ತು.

ಮೇಷ್ಟ್ರು ಸ್ಪ್ಯಾನರಿನಿಂದ ಮೊದಲು ಮೈನಸ್ ತಂತಿ ಬಿಚ್ಚಿದರು, ಆಮೇಲೆ ಪ್ಲಸ್. ಸೋಡಾ ಕಲಸಿದ ನೀರನ್ನು ಟರ್ಮಿನಲ್ ಮೇಲೆ ಮೆಲ್ಲಗೆ ಹುಯ್ದರು. ಪುಡಿ 'ಭುಸ್' ಎಂದು ನೊರೆ ಉಕ್ಕಿಸಿತು.

"ಸಿಡೀತು! ಓಡಿ!" ಎಂದು ಕೂಗುತ್ತ ಷರಾ ಸಾಹೇಬರು ಕೆಂಪು ಗಾಡಿಯ ಹಿಂದೆ ಅಡಗಿದರು. ಬೇರೆ ಯಾರೂ ಓಡಲಿಲ್ಲ. ಹೆಂಡತಿ ಕಾರಿನ ಪಕ್ಕದಲ್ಲೇ ನಿಂತು ಕೆಟಲು ಹಿಡಿದುಕೊಂಡಿದ್ದರು.

ನೊರೆ ಇಳಿಯಿತು. ಮೇಷ್ಟ್ರು ಬ್ರಷ್ಷಿನಿಂದ ಉಜ್ಜಿದರು, ನೀರು ಹಾಕಿ ತೊಳೆದರು, ಬಟ್ಟೆಯಿಂದ ಒರೆಸಿ ಒಣಗಿಸಿದರು. ಸೀಸದ ಬಣ್ಣ ಹೊಳೆಯಿತು. ಮೊದಲು ಪ್ಲಸ್, ಆಮೇಲೆ ಮೈನಸ್ ತಂತಿ ಬಿಗಿದು, ಮೇಲೆ ತೆಳ್ಳಗೆ ಗ್ರೀಸು ಹಚ್ಚಿದರು. ಹಚ್ಚುವಾಗ ಒಂದು ಕ್ಷಣ ಇನ್ಸ್‌ಪೆಕ್ಟರ ಕಡೆ ನೋಡಿ, "ಹಚ್ಚೋದು ಅಂದ್ರೆ ಇದು," ಎಂದರು. ಹೆಂಡತಿ ಒಳಗೆ ಕೂತು ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಕಾರು ಗುರ್ರೆಂದಿತು. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಟೈಲರಮ್ಮ. "ದೇವರಂಥ ಮನುಷ್ಯ ಅಂತ ನಾನು ಯಾವಾಗ್ಲೂ ಹೇಳ್ತಿದ್ದೆ," ಎಂದರು.

ಮೇಷ್ಟ್ರು ಸಾಮಾನು ಎತ್ತಿಕೊಂಡು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಷರಾ ಸಾಹೇಬರು ಕೆಂಪು ಗಾಡಿಯ ಹಿಂದಿನಿಂದ ಹೊರಬಂದು ಅಂಗಿ ಸರಿಮಾಡಿಕೊಂಡರು. "ಏನೇ ಆದ್ರೂ ಸಾರ್, ಲಿಖಿತ ಅನುಮತಿ ಇಲ್ದೆ ಅನ್ಯರ ಬ್ಯಾಟರಿಗೆ ಕೈ ಹಾಕೋದು..."

"ದೂರು ವಾಪಸ್ ತಗೊಂಡಿದೀನಿ ಅಂತ ಒಂದು ಸಾಲು ಬರೆದುಕೊಡಿ," ಎಂದರು ಇನ್ಸ್‌ಪೆಕ್ಟರು.

"ಒಂದೇ ಸಾಲಾ? ಕಾರಣ ಬೇಡ್ವಾ?"

"ಕಾರಣ ಬರೆದ್ರೆ ನಿಮ್ಮನ್ನೇ ಒಳಗೆ ಹಾಕ್ತೀನಿ."

ಒಂದು ಸಾಲು ಬರೆಯಲು ಅವರಿಗೆ ಒಂದು ಗಂಟೆ ಹಿಡಿಯಿತು. ಅಕ್ಕ ಅಷ್ಟರಲ್ಲಿ ಬಂದ ಆಟೋದಲ್ಲೇ ವಾಪಸು ಹೊರಟುಹೋಗಿದ್ದರು. ಊರಿಗೆ ಎರಡು ದಿನ ನೀರು ಬರಲಿಲ್ಲ. ಮೂರನೇ ದಿನ ಕಚೇರಿಯಲ್ಲಿ ಎಂಜಿನಿಯರು ಸಾಹೇಬರ ಕೈಗೆ ಮೆಮೋ ಕೊಟ್ಟರು. ಸಾಹೇಬರನ್ನು ಮೇಜು, ಕಡತ, ಅರ್ಜಿ ಎಲ್ಲದರಿಂದ ಬಿಡಿಸಿ, ಹಳೆಯ ಪೈಪು ರಾಶಿ ಹಾಕಿದ್ದ ಶೆಡ್ಡಿಗೆ ಹಾಕಿದರು. ಆ ತಿಂಗಳು ಊರಿನ ನಲ್ಲಿಗಳು ಎಂದೂ ಇಲ್ಲದಷ್ಟು ಬೇಗ ರಿಪೇರಿಯಾದವು.

ಸಂಜೆಗಳ ಪಾಡು ಇದಕ್ಕಿಂತ ಕಷ್ಟವಾಯಿತು. ಮೇಷ್ಟ್ರ ಜಗಲಿಯಲ್ಲಿ ಚದುರಂಗದ ಹಲಗೆ ಹಾಸಲಿಲ್ಲ. ಸಾಹೇಬರು ಕಚೇರಿಯಿಂದ ಬಂದವರು ಮನೆಯೊಳಗೇ ಇದ್ದರು. ಹೆಂಡತಿ ತರಕಾರಿ ಹೆಚ್ಚುವಾಗ ಹಿಂದೆ ನಿಂತು ತುಂಡುಗಳು ಒಂದೇ ಅಳತೆಯಲ್ಲಿಲ್ಲ ಎಂದರು. ಅಡುಗೆಮನೆಯ ಡಬ್ಬಿಗಳಿಗೆ ನಂಬರ್ ಹಾಕಿ, ಪಟ್ಟಿಯನ್ನು ಗೋಡೆಗೆ ಅಂಟಿಸಿದರು. ಆಕೆ ಫೋನಿನಲ್ಲಿ ತಂಗಿಯ ಜೊತೆ ಮಾತಾಡುವಾಗ ಎದುರಿಗೆ ಕೂತು, ಯಾವ ಮಾತು ಅನಗತ್ಯ ಎಂದು ಕೈಸನ್ನೆ ಮಾಡಿದರು. ನಾಲ್ಕನೇ ದಿನ ಸಂಜೆ ಹೆಂಡತಿ ಅವರ ಚಪ್ಪಲಿ ತಂದು ಬಾಗಿಲ ಹೊರಗೆ ಇಟ್ಟರು.

"ಹೋಗಿ ಮೇಷ್ಟ್ರ ಹತ್ರ ತಪ್ಪಾಯ್ತು ಅಂತ ಹೇಳಿ ಬನ್ನಿ."

"ನಾನಾ?"

"ಇನ್ಯಾರು? ಈಗಲೇ ಹೋಗಿ. ಕಾಲು ಬೇಕಾದ್ರೂ ಹಿಡೀರಿ. ಏನಾದ್ರೂ ಮಾಡಿ ಮತ್ತೆ ಆಟ ಶುರು ಆಗ್ಬೇಕು."

ತಮ್ಮ ಸ್ನೇಹದ ಬಗ್ಗೆ ಹೆಂಡತಿಗೆ ಇಷ್ಟೊಂದು ಕಾಳಜಿ ಇರುವುದು ಕಂಡು ಸಾಹೇಬರ ಎದೆ ತುಂಬಿಬಂತು. ಹೋದರು.

ಮೇಷ್ಟ್ರು ಬಾಗಿಲನ್ನು ಅರ್ಧ ತೆರೆದರು.

"ತಪ್ಪಾಯ್ತು ಅಂತ ಹೇಳೋಣ ಅಂತ ಬಂದೆ," ಎಂದರು ಸಾಹೇಬರು.

"ಹೇಳಿ."

"ಹೇಳಿದ್ನಲ್ಲ."

"ಹೇಳೋಣ ಅಂತ ಬಂದೆ ಅಂದ್ರಿ. ಇನ್ನೂ ಹೇಳಿಲ್ಲ."

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಆ ದಿನದ ಸಂದರ್ಭ, ನನಗೆ ಲಭ್ಯವಿದ್ದ ಮಾಹಿತಿ, ನಿಮ್ಮ ಮಾತಿನಲ್ಲಿದ್ದ ಅಸ್ಪಷ್ಟತೆ, ಇವನ್ನೆಲ್ಲ ಒಟ್ಟಿಗೆ ಪರಿಗಣಿಸಿದಾಗ..."

"ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದೀನಿ ಸಾಹೇಬ್ರೇ. ಉತ್ತರ ಗೊತ್ತಿಲ್ದೆ ಪುಟ ತುಂಬಿಸೋರು ನನಗೆ ಮೊದಲ ಸಾಲಲ್ಲೇ ಸಿಕ್ಕಿಬೀಳ್ತಾರೆ."

ಸಾಹೇಬರು ನೆಲ ನೋಡಿದರು, ಗೋಡೆ ನೋಡಿದರು, ತಮ್ಮ ಚಪ್ಪಲಿ ನೋಡಿಕೊಂಡರು. ಕೊನೆಗೆ, ಗಂಟಲಲ್ಲಿ ಸಿಕ್ಕ ಮುಳ್ಳು ಹೊರಬಂದ ಹಾಗೆ, "ತಪ್ಪಾಯ್ತು," ಎಂಬ ಮಾತು ಬಂತು.

"ಸರಿ. ಕೇಳಿಸ್ತು. ಹೋಗಿ ಬನ್ನಿ."

"ಹಾಗಾದ್ರೆ ನಾಳೆಯಿಂದ ಆಟ..."

"ಇಲ್ಲ."

"ಅಷ್ಟು ದಿನದ ಸ್ನೇಹ ಮೇಷ್ಟ್ರೇ..."

"ಸ್ನೇಹ!" ಮೇಷ್ಟ್ರ ಮೆತ್ತನೆಯ ದನಿ ಮೊದಲ ಸಲ ಏರಿತು. "ನಿಮ್ಮಂಥ ಆಟಗಾರನ ಜೊತೆ ದಿನಾ ನಾನ್ಯಾಕೆ ಕೂತ್ಕೊಳ್ತಿದ್ದೆ ಅಂದ್ಕೊಂಡಿದೀರಿ? ಎರಡು ವರ್ಷದ ಹಿಂದೆ ನಿಮ್ಮ ಮನೆಯವರು ಇದೇ ಬಾಗಿಲಿಗೆ ಬಂದ್ರು. ಮೇಷ್ಟ್ರೇ, ದಿನಕ್ಕೆ ಒಂದೂವರೆ ಗಂಟೆ ಇವರನ್ನ ಹೊರಗೆ ಕೂರಿಸ್ಕೊಂಡ್ರೆ ನಿಮಗೆ ಪುಣ್ಯ ಬರುತ್ತೆ ಅಂದ್ರು. ಆ ಹೆಣ್ಣುಮಗಳ ಮುಖ ನೋಡಿ ಒಪ್ಕೊಂಡೆ. ಪುಣ್ಯ ಸಾಕಷ್ಟು ಆಯ್ತು."

ಬಾಗಿಲು ಮುಚ್ಚಿಕೊಂಡಿತು.

ಷರಾ ಸಾಹೇಬರು ಮನೆಗೆ ಬಂದರು. ಮುಂದಿನ ಕೋಣೆಯಲ್ಲಿ ರೇಡಿಯೋ ಮೆಲ್ಲಗೆ ಹಾಡುತ್ತಿತ್ತು. ಹೆಂಡತಿ ಆರಾಮಕುರ್ಚಿಗೆ ಒರಗಿ, ಎರಡೂ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಕಣ್ಣು ಮುಚ್ಚಿಕೊಂಡು ಟೀ ಕುಡಿಯುತ್ತಿದ್ದರು. ಆ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ಅವರು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ.

ಹೆಜ್ಜೆಯ ಸಪ್ಪಳಕ್ಕೆ ಹೆಂಡತಿ ಕಣ್ಣು ತೆರೆದರು. ಗಂಡನನ್ನು ನೋಡಿದರು, ಗೋಡೆ ಗಡಿಯಾರ ನೋಡಿದರು, ಸ್ಟೂಲಿನಿಂದ ಕಾಲು ಇಳಿಸಿದರು.

"ಇಷ್ಟು ಬೇಗ ಬಂದುಬಿಟ್ರಾ?"